ಮಾಗಿಯ ಚಳಿಯಲ್ಲಿ ಸಾಮೂಹಿಕ ವ್ಯಾಯಾಮ

ಮಾರ್ಗಶಿರ ಪುಷ್ಯ ಮಾಸಗಳು ಬಂದವೆಂದರೆ ನಮ್ಮ ಊರುಗಳ ಉದ್ಯಾನಗಳಲ್ಲಿಯೂ ಆಟದ ಬಯಲುಗಳಲ್ಲಿಯೂ ಒಂದು ನೋಟವು ಕಣ್ಣಿಗೆ ಬೀಳುತ್ತದೆ. ಹುಲ್ಲಿನ ಮೇಲಣ ಇಬ್ಬನಿ ಆರುವುದಕ್ಕೆ ಮೊದಲೇ ಹತ್ತಾರು ಮಂದಿ ಸ್ತ್ರೀಪುರುಷರು ಸಾಲುಗಟ್ಟಿ ನಿಂತು ಸೂರ್ಯನಮಸ್ಕಾರವನ್ನೋ ಓಟವನ್ನೋ ಕವಾಯತನ್ನೋ ನಡೆಸುತ್ತಿರುತ್ತಾರೆ. ತಾನಾಗಿ ಕಂಬಳಿಯನ್ನು ಸರಿಸಲಾರದವನನ್ನು ಗೆಳೆಯರ ಕರೆ ಎಬ್ಬಿಸುತ್ತದೆ. ಸಾಮೂಹಿಕ ವ್ಯಾಯಾಮದ ಮೊದಲನೆಯ ಗುಣ ಇದೇ. ಆದರೆ ಈ ಗುಣದ ಬೆನ್ನಿಗೇ ಒಂದು ಅಪಾಯವೂ ಇದೆ. ನಾಲ್ವರ ನಡುವೆ ಹಿಂದುಳಿಯಲು ಯಾರಿಗೂ ಮನಸ್ಸಾಗದು. ಇಪ್ಪತ್ತರ ತರುಣನು ಓಡಿದಂತೆ ಐವತ್ತರ ಗೃಹಸ್ಥನೂ ಓಡಹೊರಡುತ್ತಾನೆ. ಈ ಹಟವು ಯಾವ ಋತುವಿನಲ್ಲಿಯೂ ಹಿತಕರವಲ್ಲ. ಚಳಿಗಾಲದಲ್ಲಂತೂ ಪ್ರಾಣಕ್ಕೇ ಸಂಚಕಾರ ತರಬಹುದು.

ಹಿಮ ಸುರಿಯುವ ದೇಶಗಳ ಮುಂದೆ ನಮ್ಮದೇನು ಚಳಿ ಎಂದು ಕೇಳುವವರುಂಟು. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತಿ ಕಡಿಮೆ ಉಷ್ಣತೆ 1884ನೆಯ ಇಸವಿ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಸಾಮಾನ್ಯವಾಗಿ ಜನವರಿಯ ಮುಂಜಾನೆ ಅಲ್ಲಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೀದರಿನ ಕಡೆ ಚಳಿ ಇನ್ನೂ ಹೆಚ್ಚು. ಸೆಖೆಗೆ ಒಗ್ಗಿದ ಮೈಗೆ ಇಷ್ಟು ಚಳಿಯೇ ಸಾಕು. ತಣ್ಣನೆಯ ಗಾಳಿ ಸೋಕಿದೊಡನೆ ಚರ್ಮದ ರಕ್ತನಾಳಗಳು ಕುಗ್ಗಿ, ರಕ್ತದ ಒತ್ತಡವೇರಿ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಅದರ ಮೇಲೆ ಹಠಾತ್ತಾಗಿ ಓಟವನ್ನೂ ಹೇರಿದರೆ, ಒಳಗೊಳಗೇ ನಾಳಗಳು ಕಿರಿದಾಗಿರುವವನ ಹೃದಯವು ಆ ಭಾರವನ್ನು ತಾಳಲಾರದು. ಬೆಚ್ಚಗಾಗದ ಸ್ನಾಯುಗಳು ಬಿಗಿದಿರುವುದರಿಂದ ಉಳುಕುವುದು ಸುಲಭ. ಒಣಗಿದ ತಣ್ಣನೆಯ ಗಾಳಿಯನ್ನು ಬಾಯಿಂದ ಸೆಳೆದುಕೊಂಡರೆ ಉಬ್ಬಸವಿರುವವರ ಶ್ವಾಸನಾಳಗಳು ಮುಚ್ಚಿಕೊಳ್ಳತೊಡಗುತ್ತವೆ.

ನಮ್ಮ ಹಿರಿಯರು ಈ ವಿಷಯವನ್ನು ಯೋಚಿಸದೆ ಬಿಟ್ಟವರಲ್ಲ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ, ಬಲಶಾಲಿಗಳೂ ಸ್ನಿಗ್ಧ ಆಹಾರವನ್ನುಣ್ಣುವವರೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕೆಂದೂ ಉಳಿದ ಕಾಲಗಳಲ್ಲಿ ಅದಕ್ಕಿಂತಲೂ ಕಡಿಮೆ ಮಾಡಬೇಕೆಂದೂ ವಿಧಿಸಿದ್ದಾನೆ. ಅಂದರೆ ವ್ಯಾಯಾಮಕ್ಕೆ ಪ್ರಶಸ್ತವಾದ ಋತುವಿನಲ್ಲಿ, ಬಲವಂತನಿಗೂ ಮೇರೆ ಅರ್ಧಶಕ್ತಿಯೇ. ಈ ಅರ್ಧಶಕ್ತಿಯನ್ನು ತಿಳಿಯುವುದು ಹೇಗೆ? ಉಸಿರು ಬಾಯಿಗೆ ಬರತೊಡಗಿದಾಗ ಅರ್ಧಬಲ ಮುಗಿಯಿತೆಂದು ಸುಶ್ರುತಸಂಹಿತೆ ಹೇಳುತ್ತದೆ. ಇಂದಿನ ವೈದ್ಯರು ಹೇಳುವುದೂ ಇದರ ಸಮೀಪದ ಮಾತೇ: ಜೊತೆಯವರೊಡನೆ ಪೂರ್ಣ ವಾಕ್ಯವನ್ನಾಡಲು ಬಂದರೆ ಶ್ರಮವು ಮಿತವಾಗಿದೆ, ಮಾತು ತುಂಡುತುಂಡಾದರೆ ಮಿತಿ ಮೀರಿದೆ. ಗುಂಪಿನಲ್ಲಿ ಇದನ್ನು ಪರೀಕ್ಷಿಸಲು ಒಂದು ಸುಲಭೋಪಾಯವಿದೆ. ಮುಂದಾಳು ಎಣಿಕೆಯನ್ನು ಕೂಗಲಿ, ಎಲ್ಲರೂ ಗಟ್ಟಿಯಾಗಿ ಮರುನುಡಿಯಲಿ. ಯಾರ ಧ್ವನಿ ಅಡಗಿತೋ ಅವರಿಗಾಗಿ ವೇಗವನ್ನು ತಗ್ಗಿಸತಕ್ಕದ್ದು.

ಇನ್ನು ಸಿದ್ಧತೆಯ ವಿಚಾರ. ನಲವತ್ತು ದಾಟಿದವರೂ, ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಉಬ್ಬಸಗಳಲ್ಲಿ ಯಾವುದಾದರೂ ಇರುವವರೂ ಗುಂಪಿಗೆ ಸೇರುವ ಮುನ್ನ ವೈದ್ಯರನ್ನು ಕಾಣಬೇಕು. ಉಬ್ಬಸದವರು ಇನ್ಹೇಲರನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು. ಮೂಗು ಬಾಯಿಗಳ ಮೇಲೆ ಸಡಿಲವಾಗಿ ವಸ್ತ್ರವನ್ನು ಸುತ್ತಿಕೊಂಡರೆ ಗಾಳಿ ಬೆಚ್ಚಗಾಗಿ ಒಳಹೋಗುವುದು.

ಒಂದೇ ದಪ್ಪ ಉಡುಪಿಗಿಂತ ತೆಳುವಾದ ಎರಡು ಮೂರು ಉಡುಪುಗಳು ಲೇಸು. ಮೈ ಕಾದಂತೆ ಒಂದೊಂದಾಗಿ ಕಳಚಬಹುದು. ಬೆವರು ಹೀರಿದ ಹತ್ತಿಯ ಬನಿಯನ್ನು ಮೈಗಂಟಿ ಶಾಖವನ್ನು ಕಳೆಯುವುದರಿಂದ, ಬೇಗ ಒಣಗುವ ಬಟ್ಟೆ ಒಳಗಿರಲಿ, ಉಣ್ಣೆ ಹೊರಗಿರಲಿ. ಕಿವಿಗಳನ್ನು ಮುಚ್ಚುವ ಕುಲಾವಿಯೂ, ಇಬ್ಬನಿಯ ಹುಲ್ಲಿನ ಮೇಲೆ ಜಾರದ ಪಾದರಕ್ಷೆಯೂ ಅವಶ್ಯಕ. ಚಳಿಯಲ್ಲಿ ಬಾಯಾರಿಕೆ ಅಷ್ಟಾಗಿ ತೋರದಿದ್ದರೂ ಮೈ ನೀರನ್ನು ಕಳೆಯುತ್ತಲೇ ಇರುತ್ತದೆ. ಹೊರಡುವ ಮೊದಲು ಒಂದು ಲೋಟ ಉಗುರುಬೆಚ್ಚಗಿನ ನೀರನ್ನು ಕುಡಿಯುವುದು ಒಳ್ಳೆಯದು. ಹಸಿದವರಿಗೆ ಒಂದು ಬಾಳೆಯ ಹಣ್ಣು ಸಾಕು. ಹೊಟ್ಟೆತುಂಬ ಉಂಡು ಓಡುವುದು ಸಲ್ಲದು.

ಕಾಲವನ್ನೂ ವಿಚಾರಿಸಬೇಕು. ಬೆಂಗಳೂರಿನಲ್ಲಿ ಜನವರಿಯ ಸೂರ್ಯೋದಯ ಆರೂಮುಕ್ಕಾಲರ ಸುಮಾರಿಗೆ. ಅದಕ್ಕೆ ಮುಂಚೆ ನೆಲದ ಬಳಿಯ ಗಾಳಿ ತಂಪಿನಿಂದ ಭಾರವಾಗಿ, ವಾಹನಗಳ ಹೊಗೆಯನ್ನೂ ತರಗೆಲೆ ಸುಟ್ಟ ಹೊಗೆಯನ್ನೂ ಮೇಲೇರಗೊಡದೆ ಹಿಡಿದಿರುತ್ತದೆ. ಬಿಸಿಲು ಬಿದ್ದ ಮೇಲೆ ಆರಂಭಿಸಿದರೆ ಮೈಗೂ ಶ್ವಾಸಕೋಶಕ್ಕೂ ಕ್ಷೇಮ.

ಬಯಲನ್ನು ಸೇರಿದ ಕೂಡಲೇ ಓಡಬಾರದು. ಹತ್ತು ಹದಿನೈದು ನಿಮಿಷ ನಡೆದು, ಕೈಕಾಲುಗಳನ್ನು ಆಡಿಸಿ ಮೈ ಕಾಯಿಸಿಕೊಳ್ಳತಕ್ಕದ್ದು. ಮುಗಿಸುವಾಗಲೂ ಥಟ್ಟನೆ ನಿಲ್ಲದೆ, ಮೆಲ್ಲನೆ ನಡೆದು, ಒದ್ದೆಯಾದ ಬಟ್ಟೆಯನ್ನು ಬದಲಾಯಿಸಿ, ಆಮೇಲೆ ಹರಟೆಗೆ ಕೂರಲಿ. ನಡುವೆ ಯಾರಿಗಾದರೂ ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ತಣ್ಣನೆಯ ಬೆವರು ಬಂದರೆ, ವಾಯುವೆಂದು ಸುಮ್ಮನಿರದೆ ಅವರನ್ನು ಕೂರಿಸಿ 108ಕ್ಕೆ ಕರೆ ಕೊಡಬೇಕು. ಎಚ್ಚರ ತಪ್ಪಿ ಉಸಿರು ನಿಂತವನ ಎದೆಯ ನಡುವನ್ನು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಗಟ್ಟಿಯಾಗಿ ಒತ್ತುವ ಕ್ರಮವನ್ನು ಗುಂಪಿನಲ್ಲಿ ಇಬ್ಬರಾದರೂ ಬಲ್ಲವರಿಂದ ಕಲಿತಿರಲಿ.

ಒಟ್ಟಿಗೆ ಹೊರಟವರು ಒಟ್ಟಿಗೇ ಮನೆಗೆ ಮರಳುವುದು ಗುಂಪಿನ ಮೊದಲ ಧರ್ಮ. ಆದಕಾರಣ ಮಾಗಿ ಮುಗಿಯುವ ತನಕ ಸಾಲಿನ ಮುಂದೆ ತರುಣರನ್ನು ನಿಲ್ಲಿಸದೆ, ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹಿರಿಯರನ್ನು ನಿಲ್ಲಿಸಿ ನೋಡಿರಿ. ಅವರ ಹೆಜ್ಜೆಯೇ ಎಲ್ಲರಿಗೂ ತಕ್ಕ ಹೆಜ್ಜೆಯಾಗುವುದು.