ಎರಡು ಈಡು ಕೇಳಿದರೆ

ಕೊಡಗಿನ ಆಯುಧದ ಹಬ್ಬ ಕೈಲ್‌ಪೊಳ್ದ್‌ನ ಬೆಳಿಗ್ಗೆ ಮಳೆ ತುಸು ಹೊಳವಾಗಿತ್ತು. ಕೊಡವರ ಕುಲಮನೆಯಾದ ಐನ್‌ಮನೆಯಲ್ಲಿ, ಕನ್ನಿಕೋಂಬರೆ ಎಂಬ ದೇವರ ಕೋಣೆಯೊಳಗೆ ದೀಪದ ಮುಂದೆ ಕೋವಿಗಳನ್ನು ಸಾಲಾಗಿ ಒರಗಿಸಿದ್ದರು. ಎರಡು ಜೋಡುನಳಿಗೆ, ಒಂದು ಹಳೆಯ ಕೇಪಿನ ಕೋವಿ. ಹಿಡಿಯ ಮರಕ್ಕೆ ಎಣ್ಣೆ ಒರೆಸಿ ಗಂಧದ ಬೊಟ್ಟಿಟ್ಟಿದ್ದಾರೆ. ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿದ್ದಾರೆ. ನಮ್ಮ ಕಡೆ ಅಗ್ನಿಶಿಖೆ ಅನ್ನುವ ಹೂವು ಅದು. ಬುಡ ಹಳದಿ, ತುದಿ ಕೆಂಪು, ಎಸಳೆಲ್ಲ ಮೇಲಕ್ಕೆ ಮಡಚಿಕೊಂಡು ಉರಿಯುತ್ತಿರುವ ಹಾಗೆ. ಒಳಗಿನಿಂದ ಪಂದಿಕರಿಯ ವಾಸನೆ. ಹೊರಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡಲು ಹೆಂಗಸರು ಗಂಡಸರೆನ್ನದೆ ಎಲ್ಲರೂ ಸಾಲುಗಟ್ಟಿದ್ದಾರೆ. ಕಾಯಿ ಒಡೆದದ್ದು ಕಾಲೇಜಿಗೆ ಹೋಗುವ ಮೊಮ್ಮಗಳ ಈಡಿಗೆ. ಖಾಲಿ ತೋಟೆ ಕೆಸರಿಗೆ ಬಿತ್ತು, ಹೊಗೆ ತೇವದ ಗಾಳಿಯಲ್ಲಿ ಮೇಲೇಳಲಾರದೆ ಅಂಗಳದಲ್ಲೇ ಉಳಿಯಿತು.

ಈ ಹಬ್ಬದ ಹಿಂದೊಂದು ಕಟ್ಟಳೆಯಿದೆ. ನಾಟಿಯ ತಿಂಗಳುಗಳಲ್ಲಿ ಕೋವಿ ದೇವರ ಕೋಣೆ ಸೇರುತ್ತಿತ್ತು, ಯಾರೂ ಮುಟ್ಟುವಂತಿಲ್ಲ. ನಾಟಿ ಮುಗಿದು ಕೈಲ್‌ಪೊಳ್ದ್ ಬಂದಾಗಲೇ ಅದು ಹೊರಗೆ ಬರುವುದು, ಬೆಳೆ ಕಾಯಲು. ಕೋವಿಗೆ ಕಟ್ಟುಪಾಡು ಅಂದರೆ ಕೊಡಗಿಗೆ ಹೊರಗಿನವರು ತಂದದ್ದು ಎಂದು ವಾದಿಸುವವರು ಇದನ್ನು ಮರೆಯುತ್ತಾರೆ.

ಮರೆತದ್ದು ಮುಂದಿನ ವಾರದ ಗ್ರಾಮಸಭೆಯಲ್ಲಿ ಕಂಡಿತು. ದಕ್ಷಿಣ ಕೊಡಗಿನ ಒಂದು ಪಂಚಾಯಿತಿ. ಪ್ಲಾಸ್ಟಿಕ್ ಕುರ್ಚಿ, ಸೋರುವ ಶೀಟು, ಬಾಗಿಲ ಬಳಿ ನೀರಿಳಿಯುವ ಕೊಡೆಗಳ ರಾಶಿ. ರಸ್ತೆ, ಬೀದಿದೀಪ, ಕಸದ ಗಾಡಿ ಎಲ್ಲ ಮುಗಿದ ಮೇಲೆ ಪಿಡಿಒ ಕೊನೆಯ ವಿಷಯ ಓದಿದರು: ತೋಟಗಳಲ್ಲಿ ಗುಂಡು ಹಾರಿಸುವುದರ ಬಗ್ಗೆ. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು.

ಅರ್ಜಿ ಕೊಟ್ಟವರು ಹೋಂಸ್ಟೇ ನಡೆಸುವವರು. ರಾತ್ರಿ ಪಕ್ಕದ ತೋಟದಲ್ಲಿ ಢಂ ಅಂದರೆ ಬೆಂಗಳೂರಿನ ಅತಿಥಿಗಳು ಬೆಳಗಾಗುವುದರೊಳಗೆ ಗಂಟು ಕಟ್ಟುತ್ತಾರಂತೆ. ಮುಂದಿನ ಸಾಲಿನ ಅಜ್ಜ ನಕ್ಕರು.

"ಒಂದು ಈಡು ಕೇಳಿದ್ರೆ ಯಾರ ಮನೇಲೋ ಗಂಡು ಮಗು ಹುಟ್ಟಿತು ಅಂತ. ಎರಡು ಕೇಳಿದ್ರೆ ಯಾರೋ ತೀರಿಕೊಂಡ್ರು ಅಂತ ಕೈಕೆಲಸ ಬಿಟ್ಟು ಹೊರಡ್ತಿದ್ದೆವು. ಇವರ ಅತಿಥಿಗಳು 112ಕ್ಕೆ ಫೋನ್ ಮಾಡ್ತಾರೆ!"

"ಹೆಣ್ಣು ಮಗು ಹುಟ್ಟಿದ್ರೆ, ಅಜ್ಜ?" ಎಂದು ಹಿಂದಿನಿಂದ ಒಂದು ಹುಡುಗಿ ಕೇಳಿದಳು. ಅಜ್ಜ ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲೆ ಕಾನೂನು ಬಂತು. ಇಲ್ಲಿಯ ಯಾವ ಸಭೆಯಲ್ಲೂ ಅದು ಬರದೆ ಇರುವುದಿಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೋವಿಗೆ ಕೊಟ್ಟ ವಿನಾಯಿತಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಅದು ಮುಂದುವರಿದದ್ದು, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದ್ದು, 2021ರಲ್ಲಿ ಹೈಕೋರ್ಟು ಎತ್ತಿಹಿಡಿದದ್ದು ಎಲ್ಲ ಒಬ್ಬರ ನಾಲಿಗೆಯ ತುದಿಯಲ್ಲಿತ್ತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ, ಸರಿ. ಆದರೆ ಅದು ಇಟ್ಟುಕೊಳ್ಳುವ ಮಾತು. ಹೊಡೆಯುವ ಮಾತು ಬೇರೆ. ಸ್ವಂತ ಗದ್ದೆಗೆ ನುಗ್ಗಿದ ಹಂದಿಯೇ ಆದರೂ ಅದು 1972ರ ವನ್ಯಜೀವಿ ಕಾಯ್ದೆಯೊಳಗಿನ ಪ್ರಾಣಿ. ಅನುಮತಿಯಿಲ್ಲದೆ ಕೊಂದರೆ ಅಪರಾಧ.

"ಅನುಮತಿ ಬರೋ ಹೊತ್ತಿಗೆ ಗದ್ದೇಲಿ ಏನು ಉಳಿದಿರ್ತದೆ ಸಾರ್?" ಎಂದರು ಎರಡೆಕರೆಯ ರೈತರೊಬ್ಬರು. ಅವರ ಸಿಟ್ಟು ಸುಳ್ಳಲ್ಲ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಹಿಂಡು ಇಳಿದ ಗದ್ದೆಯನ್ನು ನಾನು ನೋಡಿದ್ದೇನೆ. ತಿಂದದ್ದಕ್ಕಿಂತ ಹೊರಳಾಡಿ ಕೆಸರಿಗೆ ತುಳಿದದ್ದೇ ಹೆಚ್ಚು. ಆನೆ ಬಂದರಂತೂ ಕೋವಿಯಿದ್ದೂ ಆಕಾಶಕ್ಕೆ ಹೊಡೆಯುವುದಷ್ಟೇ.

"ನನ್ನ ತೋಟ, ನನ್ನ ಕೋವಿ," ಎಂದು ಯಾರೋ ಗುಡುಗಿದರು. ಚಪ್ಪಾಳೆಯೂ ಬಿತ್ತು.

ಅಷ್ಟರಲ್ಲಿ ಗೋಡೆಗೊರಗಿ ನಿಂತಿದ್ದ ಹೆಂಗಸೊಬ್ಬರು ಬಾಯಿಬಿಟ್ಟರು. ತೋಟದ ಕೂಲಿಯವರ ಲೈನ್‌ಮನೆಯವರು, ಸೆರಗಿನ ತುದಿ ಇನ್ನೂ ಒದ್ದೆಯಿತ್ತು. "ಸಾವ್ಕಾರ್ರೇ, ಬೆಳಕು ಹರಿಯೋ ಮುಂಚೆ ನಾವು ಸೌದೆಗೆ ಅಂತ ತೋಟದೊಳಗೆ ಹೋಗ್ತೇವೆ. ಗಿಡ ಅಲುಗಾಡಿದ್ರೆ ನೀವು ಹಂದಿ ಅಂತೀರಿ. ನಾವು ಹೋದ್ರೂ ಗಿಡ ಅಲುಗಾಡ್ತದೆ."

ಚಪ್ಪಾಳೆ ಹೊಡೆದ ಕೈಗಳು ಮಡಿಲಿಗೆ ಬಂದವು. ಹಂದಿಯೆಂದುಕೊಂಡು ಮನುಷ್ಯನಿಗೆ ಹೊಡೆದ ಸುದ್ದಿ ಕೊಡಗಿಗಾಗಲಿ ಮಲೆನಾಡಿಗಾಗಲಿ ಹೊಸದಲ್ಲ. ರೊಬಸ್ಟಾ ಗಿಡ ಎತ್ತರಕ್ಕೆ ಬೆಳೆದು ಕೊಂಬೆಗೆ ಕೊಂಬೆ ಹೆಣೆದುಕೊಂಡ ತೋಟದಲ್ಲಿ ಇಪ್ಪತ್ತು ಮಾರು ಆಚೆ ನಿಂತವರು ಕಾಣುವುದಿಲ್ಲ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರು ದಾಟಿಯೂ ಹೋಗುತ್ತದೆ. ಬೇಲಿ, ಸರ್ವೆ ನಂಬರು ಅದಕ್ಕೆ ತಿಳಿಯದು. ಆ ಅಜ್ಜನ ಕಾಲದಲ್ಲಿ ಈಡಿನ ಸದ್ದು ಕೇಳಿಯೇ ಸುದ್ದಿ ತಿಳಿಯುವವರಷ್ಟೇ ಸುತ್ತಮುತ್ತ ಇದ್ದರು. ಈಗ ಅದೇ ತೋಟದಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರಿದ್ದಾರೆ, ಹಕ್ಕಿಯ ಫೋಟೋ ತೆಗೆಯಲು ಬೇಲಿ ನುಸುಳುವ ಪ್ರವಾಸಿಯೂ ಇದ್ದಾನೆ. ಹೋಂಸ್ಟೇಯವರ ನಿದ್ದೆಗಾಗಿ ಕೋವಿ ಕೆಳಗಿಡಿ ಎಂದು ನಾನು ಹೇಳುವುದಿಲ್ಲ. ಸಾವಿನ ಮನೆಯ ಎರಡು ಈಡನ್ನು ಅವರ ಅತಿಥಿಗಳೇ ಕೇಳಿ ಕಲಿತುಕೊಳ್ಳಲಿ. ಸೌದೆಗೆ ಹೋಗುವವಳ ಮಾತು ಹಾಗಲ್ಲ.

ಪಿಡಿಒ ಗಂಟಲು ಸರಿಮಾಡಿಕೊಂಡು, ಕೋವಿಯ ವಿಚಾರ ಪಂಚಾಯಿತಿ ವ್ಯಾಪ್ತಿಗೆ ಬರುವುದಿಲ್ಲ, ಅದು ಡಿಸಿಯವರಿಗೂ ಪೊಲೀಸರಿಗೂ ಬಿಟ್ಟದ್ದು ಎಂದರು. ನಡಾವಳಿ ಪುಸ್ತಕದಲ್ಲಿ "ಚರ್ಚಿಸಲಾಯಿತು" ಎಂದು ಬರೆದು ಗೆರೆ ಎಳೆದರು. ಚಹಾ ಬಂತು.

ಡಿಸಿಯ ಆದೇಶ ಬರಲಿ, ಬಿಡಲಿ. ಕೋವಿ ಇರುವವರಲ್ಲಿ ನನ್ನದೊಂದು ಕೇಳಿಕೆಯಿದೆ: ಕಣ್ಣಿಗೆ ಪ್ರಾಣಿಯೇ ಕಾಣದೆ ಬರೀ ಅಲುಗಾಟಕ್ಕೆ ಹೊಡೆಯಬೇಡಿ, ಮತ್ತು ಕೋವಿ ಹಿಡಿದು ತೋಟಕ್ಕೆ ಇಳಿಯುವ ಮೊದಲು ಲೈನ್‌ಮನೆಗೆ ಒಂದು ಮಾತು ಹೇಳಿ ಕಳಿಸಿ.