ನೆರೆನೀರಿನ ಜ್ವರಕ್ಕೆ ಮದ್ದಾದ ಮಾತ್ರೆ

ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಮಳೆಗಾಲದೊಂದಿಗೆ ಬರುವ ಕಾಯಿಲೆಗಳಲ್ಲಿ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಒಂದು. ಇಲಿ, ನಾಯಿ, ದನಗಳ ಮೂತ್ರದಲ್ಲಿರುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ನಿಂತ ನೀರಿಗೆ ಸೇರಿ, ಕಾಲಿನ ಗಾಯ, ಬಿರುಕುಗಳ ಮೂಲಕ ಮೈಯೊಳಗೆ ನುಗ್ಗುತ್ತದೆ. ಉಲ್ಹಾಸ ನದಿ ಉಕ್ಕಿದಾಗ ಬದಲಾಪುರದಿಂದ ಕಲ್ಯಾಣದವರೆಗಿನ ತಗ್ಗುಪ್ರದೇಶ ಮುಳುಗುತ್ತದೆ. ಖಾಡಿಯಲ್ಲಿ ಭರತ ಏರಿದ ಹೊತ್ತಿಗೇ ಜಡಿಮಳೆ ಸುರಿದರೆ ಊರಿನ ನೀರು ಸಮುದ್ರ ಸೇರದೆ ನಿಲ್ಲುತ್ತದೆ.

ಈ ರೋಗವನ್ನು 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ವಿವರಿಸಿದರು. ಜಪಾನಿನ ಇನಾಡಾ ಮತ್ತು ಇಡೊ 1915ರ ಸುಮಾರಿಗೆ ರೋಗಾಣುವನ್ನು ಗುರುತಿಸಿದರು. ಟೆಟ್ರಾಸೈಕ್ಲಿನ್ ವರ್ಗಕ್ಕೆ ಸೇರಿದ ಡಾಕ್ಸಿಸೈಕ್ಲಿನ್ 1967ರಲ್ಲಿ ಬಳಕೆಗೆ ಬಂತು. ಪನಾಮಾದ ಕಾಡಿನಲ್ಲಿ ತರಬೇತಿ ಪಡೆಯುತ್ತಿದ್ದ 940 ಅಮೆರಿಕನ್ ಸೈನಿಕರ ಮೇಲೆ 1982ರಲ್ಲಿ ಅದರ ಪ್ರಯೋಗ ನಡೆಯಿತು. ವಾರಕ್ಕೊಮ್ಮೆ 200 ಮಿಲಿಗ್ರಾಂ ನುಂಗಿದವರಲ್ಲಿ ಒಬ್ಬರಿಗೆ ಮಾತ್ರ ಜ್ವರ ಬಂದರೆ, ಹುಸಿ ಮಾತ್ರೆ ಪಡೆದವರಲ್ಲಿ 20 ಮಂದಿಗೆ ಬಂತು. ಸೈನಿಕರ ಮೇಲೆಯೇ ನಡೆದು 1984ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರೋಗ ತಗುಲಿದವರಿಗೆ ಏಳು ದಿನ ಈ ಔಷಧಿ ಕೊಟ್ಟಾಗ ಕಾಯಿಲೆಯ ಅವಧಿ ಸುಮಾರು ಎರಡು ದಿನ ಕಡಿಮೆಯಾಯಿತು. ಉತ್ತರ ಅಂಡಮಾನಿನಲ್ಲಿ ಭಾರತೀಯ ಸಂಶೋಧಕರು ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವು ಈ ಮಾತ್ರೆಯ ಮಿತಿಯನ್ನೂ ತೋರಿಸಿತು: ಸೋಂಕು ತಪ್ಪಲಿಲ್ಲ, ಆದರೆ ಕಾಯಿಲೆಯೂ ಸಾವೂ ಕಡಿಮೆಯಾದವು.

2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಯಿತು. ಲಕ್ಷಾಂತರ ಜನ ಸೊಂಟಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು. ಮುಂದಿನ ವಾರಗಳಲ್ಲಿ ಮುಂಬಯಿ ವಲಯದಲ್ಲಿ ಇಲಿ ಜ್ವರ ಹರಡಿತು. ನೀರಿನಲ್ಲಿ ನಡೆದವರು ವೈದ್ಯರನ್ನು ಕೇಳಿ 72 ಗಂಟೆಗಳೊಳಗೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬೇಕೆಂಬ ಸೂಚನೆ ಇಂದು ಮುಂಬಯಿಯಲ್ಲಿ ಮಳೆಗಾಲದ ವಾಡಿಕೆಯೇ ಆಗಿದೆ.

ಜ್ವರ ಬಂದ ಮೇಲೆ ಔಷಧಿ ಯಾವಾಗ ಶುರುಮಾಡಬೇಕೆಂಬ ನಿರ್ಧಾರ ಬಡಾವಣೆಯ ವೈದ್ಯರದು; ಅದು ಸುಲಭವಲ್ಲ. ಅಮೆರಿಕದಲ್ಲಿ ಹೆಚ್ಚಾಗಿರುವ ಲೈಮ್ ಕಾಯಿಲೆಯ ರೋಗಾಣುವೂ ಸುರುಳಿಯಾಕಾರದ್ದು. ಅದರ ಆರಂಭದ ಹಂತಕ್ಕೂ ಡಾಕ್ಸಿಸೈಕ್ಲಿನ್ ಪ್ರಮುಖ ಔಷಧಿ. ಆದರೆ ಅಲ್ಲಿ ಉಣ್ಣೆ ಹುಳು ಕಚ್ಚಿದ ಕಡೆ ಹರಡುವ ಕೆಂಪು ಕಲೆಯನ್ನು ಕಂಡೇ ಚಿಕಿತ್ಸೆ ಶುರುಮಾಡಬಹುದು. ಇಲಿ ಜ್ವರಕ್ಕೆ ಅಂಥ ಗುರುತಿಲ್ಲ. ಜ್ವರ, ತಲೆನೋವು, ಮೈಕೈ ನೋವು ಡೆಂಗಿ, ಮಲೇರಿಯಾಗಳಲ್ಲೂ ಇರುತ್ತವೆ. ಮೀನಖಂಡದ ತೀವ್ರ ನೋವು, ಕೀವಿಲ್ಲದೆ ಕೆಂಪಾದ ಕಣ್ಣುಗಳು ಸುಳಿವು ನೀಡುತ್ತವೆ. ರಕ್ತದಲ್ಲಿ ಪ್ರತಿಕಾಯ ಪತ್ತೆಯಾಗಲು ಸಾಮಾನ್ಯವಾಗಿ ಐದಾರು ದಿನ ಬೇಕು; ಹಾಗಾಗಿ ಮೊದಲ ದಿನಗಳ ವರದಿ 'ಇಲ್ಲ' ಎಂದರೂ ರೋಗ ಇಲ್ಲವೆಂದಲ್ಲ. ಸೋಂಕು ತಗುಲಿ ಜ್ವರ ಬರಲು 2ರಿಂದ 30 ದಿನ ಹಿಡಿಯಬಹುದಾದ್ದರಿಂದ, ಹಿಂದಿನ ವಾರಗಳಲ್ಲಿ ನೆರೆನೀರಿನಲ್ಲಿ ನಡೆದಿದ್ದಿರಾ ಎಂಬ ಪ್ರಶ್ನೆ ಪರೀಕ್ಷೆಯಷ್ಟೇ ಮುಖ್ಯ.

ಸಂಶಯ ಬಲವಾಗಿದ್ದರೆ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಇಲಿ ಜ್ವರದ ವರದಿಗೆ ಕಾಯದೆ ಔಷಧಿ ಆರಂಭಿಸುವುದು ಸರಿಯಾದ ಕ್ರಮ. ವಯಸ್ಕರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಏಳು ದಿನ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಅಮಾಕ್ಸಿಸಿಲಿನ್. ಟೆಟ್ರಾಸೈಕ್ಲಿನ್ ವರ್ಗದ ಔಷಧಿಗಳು ಬೆಳೆಯುವ ಹಲ್ಲುಗಳಿಗೆ ಕಲೆ ತರಬಲ್ಲವು ಎಂಬುದು ಇದಕ್ಕೆ ಕಾರಣ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಅಜಿತ್ರೋಮೈಸಿನ್ ನೆರವಾಗುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಊಟದ ನಂತರ ಲೋಟ ತುಂಬ ನೀರಿನೊಂದಿಗೆ ನುಂಗಿ, ಕೂಡಲೇ ಮಲಗದಿರಬೇಕು. ಇಲ್ಲವಾದರೆ ಅನ್ನನಾಳ ಹುಣ್ಣಾಗಬಹುದು.

ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಮಾತ್ರೆಯನ್ನು ನಂಬಿ ಮನೆಯಲ್ಲಿ ಕೂರಬಾರದು. ಆಗ ಬೇಕಾದದ್ದು ಆಸ್ಪತ್ರೆ ಮತ್ತು ರಕ್ತನಾಳದ ಮೂಲಕ ಕೊಡುವ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್. ಆ ಹಂತ ಮುಟ್ಟದಂತೆ ತಡೆಯುವುದೇ ಮೊದಲ ದಿನಗಳ ಅಗ್ಗದ ಮಾತ್ರೆಯ ಉದ್ದೇಶ.