ಯಂತ್ರ ಸೇದಿದ ಸಿಗರೇಟು

ಬಿಸ್ಕತ್ತಿನ ಪೊಟ್ಟಣದ ಬೆನ್ನು ತಿರುಗಿಸಿದರೆ ಸಕ್ಕರೆ ಎಷ್ಟು, ಕೊಬ್ಬು ಎಷ್ಟು, ಉಪ್ಪು ಎಷ್ಟು ಎಂದು ಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ. ಜೀವಕ್ಕೇ ಎರವಾಗುವ ಸಿಗರೇಟಿನ ಪ್ಯಾಕಿನ ಮೇಲೆ ಟಾರ್ ಎಷ್ಟು, ನಿಕೋಟಿನ್ ಎಷ್ಟು ಎಂದು ಸರ್ಕಾರ ಯಾಕೆ ಬರೆಸುವುದಿಲ್ಲ? ಓದುಗರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಕಾನೂನು ಕೂಡ ಅವರ ಕಡೆಗೇ ಇದೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಕೋಟ್ಪಾ, ತನ್ನ ಏಳನೆಯ ಸೆಕ್ಷನ್ನಿನಲ್ಲಿ ಪ್ರತಿ ಪ್ಯಾಕಿನ ಮೇಲೂ ನಿಕೋಟಿನ್ ಮತ್ತು ಟಾರ್ ಅಂಶವನ್ನು, ಅವುಗಳ ಗರಿಷ್ಠ ಮಿತಿಯ ಸಮೇತ ನಮೂದಿಸಬೇಕು ಎನ್ನುತ್ತದೆ. ಎರಡು ದಶಕ ಕಳೆದರೂ ಕ್ಯಾನ್ಸರ್ ಹುಣ್ಣುಗಳ ಚಿತ್ರ ಸಮೇತದ ಎಚ್ಚರಿಕೆಗಳು ಪ್ಯಾಕಿನ ಮುಖದ ಶೇ. 85 ಭಾಗ ಆವರಿಸಿವೆಯೇ ಹೊರತು ಆ ಅಂಕಿ ಮಾತ್ರ ಕಾಣಿಸಿಕೊಂಡಿಲ್ಲ. ಸರ್ಕಾರಿ ಜಡತೆಗೆ ಇನ್ನೊಂದು ಉದಾಹರಣೆ ಎಂದು ಬೈದು ಸುಮ್ಮನಾಗಬಹುದು. ಆದರೆ ಅದೇ ಅಂಕಿಗೆ ನಾಲ್ಕು ದಶಕ ತನ್ನ ಮುದ್ರೆ ಒತ್ತಿ, ಕೊನೆಗೆ ಸಹವಾಸವೇ ಬೇಡ ಎಂದು ಕೈತೊಳೆದುಕೊಂಡ ಅಮೆರಿಕ ಸರ್ಕಾರದ ಕತೆ ತಿಳಿದರೆ, ನಮ್ಮಲ್ಲಿ ಅದು ಬಾರದೇ ಉಳಿದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಅಲ್ಲಿನ ಸರ್ಕಾರ ತಿಳಿದೂ ತಿಳಿದೂ ಸುಳ್ಳು ಅಂಕಿ ಮುದ್ರಿಸಲಿಲ್ಲ. ಅಳತೆ ಕರಾರುವಾಕ್ಕಾಗಿಯೇ ಇತ್ತು. ಅಳೆದದ್ದು ಏನನ್ನು ಎಂಬುದರಲ್ಲೇ ಎಡವಟ್ಟು.

1953ರಲ್ಲಿ ಅಮೆರಿಕದ ವೈಂಡರ್, ಗ್ರಹಾಂ ಮತ್ತು ಕ್ರೊನಿಂಗರ್ ಎಂಬ ಸಂಶೋಧಕರು ಸಿಗರೇಟಿನ ಹೊಗೆಯಿಂದ ಬೇರ್ಪಡಿಸಿದ ಟಾರನ್ನು ಇಲಿಗಳ ಬೆನ್ನಿಗೆ ಸವರಿದರು. ಗಡ್ಡೆಗಳೆದ್ದವು, ಅವುಗಳಲ್ಲಿ ಹಲವು ಕ್ಯಾನ್ಸರ್ ಗಡ್ಡೆಗಳು. ಸುದ್ದಿ ಹಬ್ಬುತ್ತಿದ್ದಂತೆ ಕಂಪನಿಗಳು ಫಿಲ್ಟರ್ ಸಿಗರೇಟುಗಳತ್ತ ಓಡಿದವು. ನಮ್ಮದರಲ್ಲಿ ಟಾರ್ ಕಡಿಮೆ, ನಮ್ಮದರಲ್ಲಿ ಇನ್ನೂ ಕಡಿಮೆ ಎಂಬ ಜಾಹೀರಾತುಗಳ ಮೇಲಾಟ ಶುರುವಾಯಿತು. ಆರೋಗ್ಯದ ಕಾಳಜಿಯ ಹೆಸರಿನಲ್ಲಿ ಮಾರಾಟವಾದ ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿ 1952ರಿಂದ 1956ರವರೆಗೆ ಇದ್ದದ್ದು ಕಲ್ನಾರು. ಅದೇ ಒಂದು ಕ್ಯಾನ್ಸರ್‌ಕಾರಕ. ಟಾರ್ ಅಳೆಯುವುದರಲ್ಲಿ ಒಂದೊಂದು ಕಂಪನಿಯದು ಒಂದೊಂದು ಅಳತೆ, ಒಂದೊಂದು ಲೆಕ್ಕ. ಜಾಹೀರಾತಿನ ಮೇಲೆ ಕಣ್ಣಿಡುವ ಫೆಡರಲ್ ಟ್ರೇಡ್ ಕಮಿಷನ್ 1960ರಲ್ಲಿ ಟಾರ್ ಮಾತನ್ನೇ ಜಾಹೀರಾತಿನಿಂದ ಹೊರಗಟ್ಟಿತು. ಆದರೆ 1966ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ, ಟಾರ್ ಮತ್ತು ನಿಕೋಟಿನ್ ಕಡಿಮೆಯಾದಷ್ಟೂ ಹಾನಿ ಕಡಿಮೆ ಇರಬಹುದು ಎಂದು ಅಭಿಪ್ರಾಯಪಟ್ಟಿತು. ಅದು ಮೂರ್ಖತನದ ಮಾತೇನಲ್ಲ. ವಿಷದ ಪ್ರಮಾಣ ಇಳಿದರೆ ಪರಿಣಾಮವೂ ಇಳಿಯುತ್ತದೆ ಎಂಬುದು ಔಷಧಶಾಸ್ತ್ರದ ಮೊದಲ ಪಾಠ. ಹಾಗಾದರೆ ಎಲ್ಲ ಬ್ರ್ಯಾಂಡುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಫಲಿತಾಂಶವನ್ನು ಸರ್ಕಾರವೇ ಪ್ರಕಟಿಸಲಿ ಎಂದು ಕಮಿಷನ್ ತನ್ನದೇ ಪ್ರಯೋಗಾಲಯ ತೆರೆಯಿತು. 1967ರಲ್ಲಿ ಮೊದಲ ಪಟ್ಟಿ ಹೊರಬಿತ್ತು.

ಆ ತಕ್ಕಡಿ ಅಂದರೆ ಸಿಗರೇಟು ಸೇದುವ ಒಂದು ಯಂತ್ರ. ನಿಮಿಷಕ್ಕೊಂದು ದಮ್ಮು, ಪ್ರತಿ ದಮ್ಮಿಗೂ ಎರಡು ಸೆಕೆಂಡು, ಒಂದು ದಮ್ಮಿಗೆ 35 ಮಿಲಿಲೀಟರ್ ಹೊಗೆ. ಫಿಲ್ಟರ್ ಇಲ್ಲದ ಸಿಗರೇಟಾದರೆ 23 ಮಿಲಿಮೀಟರ್ ಮೋಟು ಉಳಿದಾಗ ಯಂತ್ರ ನಿಲ್ಲುತ್ತದೆ. ಗಾಜಿನ ನಾರಿನ ಬಿಲ್ಲೆಯ ಮೇಲೆ ಕೂತ ಹೊಗೆಯ ಕಣಗಳನ್ನು ತೂಗಿ, ಅದರಿಂದ ನೀರು ಮತ್ತು ನಿಕೋಟಿನ್ನಿನ ತೂಕ ಕಳೆದರೆ ಉಳಿದದ್ದೇ ‘ಟಾರ್’. ರಸ್ತೆಯ ಡಾಂಬರಿನಂತೆ ಅದು ಒಂದು ವಸ್ತುವಲ್ಲ, ಸಾವಿರಾರು ರಾಸಾಯನಿಕಗಳಿಗೆ ಒಟ್ಟಾಗಿ ಇಟ್ಟ ಹೆಸರು. ಈ 35, 2, 60 ಎಂಬ ಅಂಕಿಗಳ ಮೂಲ 1936ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಯ ರಸಾಯನವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗವಿಧಾನ. ತಮ್ಮ ಪ್ರಯೋಗಗಳು ಒಂದಕ್ಕೊಂದು ತಾಳೆಯಾಗಲೆಂದು ಅವರು ಹಿಡಿದ ಕ್ರಮ ಅದು. ಯಂತ್ರಕ್ಕೆ ತಲಬಿಲ್ಲ, ಸಾಲದ ಚಿಂತೆಯಿಲ್ಲ, ಪರೀಕ್ಷೆಯ ಭಯವಿಲ್ಲ. ನಿಮಿಷಕ್ಕೊಂದರಂತೆ ಶಿಸ್ತಾಗಿ ಸೇದುತ್ತಲೇ ಇರುತ್ತದೆ. ಮನುಷ್ಯ ಹೀಗೆ ಸೇದುವುದಿಲ್ಲ, ಯಾವ ಪರೀಕ್ಷೆಯೂ ಮನುಷ್ಯನ ಸೇದುವಿಕೆಯನ್ನು ಯಥಾವತ್ತಾಗಿ ಅನುಕರಿಸಲಾರದು ಎಂದು ಕಮಿಷನ್ 1967ರಲ್ಲೇ ಹೇಳಿತ್ತು. ಆದರೆ ಜಾಹೀರಾತಿನಲ್ಲಿ ಅಂಕಿಗೆ ಇರುವ ಆಯಸ್ಸು ಅಡಿಟಿಪ್ಪಣಿಗೆ ಇರುವುದಿಲ್ಲ. ಮುಂದಿನ ದಶಕದಲ್ಲಿ ಪ್ರತಿ ಸಿಗರೇಟಿನ ಜಾಹೀರಾತಿನ ಮೂಲೆಯಲ್ಲೂ ಕಮಿಷನ್ ವಿಧಾನದ ಹೆಸರು ಹೊತ್ತ ಮಿಲಿಗ್ರಾಂಗಳು ಕೂತವು. ಓದಿದವರಿಗೆ ಅರ್ಥವಾದದ್ದು ಇಷ್ಟೇ: ಇಷ್ಟು ಮಿಲಿಗ್ರಾಂ ನನ್ನ ಎದೆಗೆ ಹೋಗುತ್ತದೆ, ಅದಕ್ಕೆ ಸರ್ಕಾರವೇ ಸಾಕ್ಷಿ.

ಇನ್ನು ಎಳನೀರಿನ ಅಂಗಡಿಗೆ ಹೋಗೋಣ. ನಿಮ್ಮ ಕೈಗೆ ಬಂದ ಸ್ಟ್ರಾದಲ್ಲಿ, ತುಟಿಯಿಂದ ಒಂದು ಬೆರಳು ಕೆಳಗೆ, ಸಣ್ಣ ತೂತಿದೆ ಎಂದುಕೊಳ್ಳಿ. ಹೀರಿದರೆ ಅರ್ಧ ಎಳನೀರು, ಅರ್ಧ ಗಾಳಿ ಬರುತ್ತದೆ. ಹೀರಿದ ದ್ರವವನ್ನು ಅಳೆಯುವ ಯಂತ್ರವೊಂದಿದ್ದರೆ, ‘ಈ ಕಾಯಲ್ಲಿ ನೀರು ಕಡಿಮೆ’ ಎಂದು ವರದಿ ಕೊಡುತ್ತದೆ. ಕಾಯಿ ಅದೇ, ಅದರೊಳಗಿನ ನೀರೂ ಅಷ್ಟೇ, ಬದಲಾದದ್ದು ಸ್ಟ್ರಾ. ಬಾಯಾರಿದವರು ಏನು ಮಾಡುತ್ತಾರೆ? ಯಾರೂ ಹೇಳಿಕೊಡದೆಯೇ ತೂತಿನ ಮೇಲೆ ಬೆರಳಿಡುತ್ತಾರೆ. ಇಲ್ಲವೇ ಇನ್ನೂ ಜೋರಾಗಿ, ಇನ್ನೂ ಹೆಚ್ಚು ಸಲ ಹೀರುತ್ತಾರೆ. ಯಾವ ದಾರಿ ಹಿಡಿದರೂ ಕಾಯಿ ಬರಿದಾಗುತ್ತದೆ. ‘ಲೈಟ್’ ಸಿಗರೇಟಿನ ಮುಖ್ಯ ಗುಟ್ಟು ಇಷ್ಟೇ. ಫಿಲ್ಟರಿನ ಸುತ್ತ, ತುಟಿಯಿಂದ ಸುಮಾರು ಒಂದು ಸೆಂಟಿಮೀಟರ್ ಆಚೆ, ಬರಿಗಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮ ರಂಧ್ರಗಳ ಸಾಲು. ಯಂತ್ರ ಸಿಗರೇಟನ್ನು ತೀರಾ ತುದಿಯಲ್ಲಿ ಹಿಡಿಯುವುದರಿಂದ ಆ ರಂಧ್ರಗಳು ತೆರೆದೇ ಇರುತ್ತವೆ. ಗಾಳಿ ನುಗ್ಗಿ ಹೊಗೆ ತೆಳುವಾಗುತ್ತದೆ. ಬಿಲ್ಲೆಯ ಮೇಲೆ ಟಾರ್ ಕಡಿಮೆ ಕೂರುತ್ತದೆ. ಮನುಷ್ಯನ ಬೆರಳು, ತುಟಿ ಬೀಳುವುದು ಸರಿಯಾಗಿ ಅದೇ ಜಾಗದ ಮೇಲೆ. ತಂಬಾಕು ಸ್ವಲ್ಪವೂ ಸೌಮ್ಯವಾಗದೆ ಅಂಕಿಯೊಂದೇ ಸೌಮ್ಯವಾಯಿತು.

ಎಳನೀರಿನ ದಾಹವಾದರೆ ಒಂದು ಕಾಯಿಗೆ ತೀರುತ್ತದೆ; ನಿಕೋಟಿನ್ನಿನ ದಾಹಕ್ಕೆ ರಕ್ತದಲ್ಲಿ ತನ್ನದೇ ಮಟ್ಟವೊಂದಿದೆ, ಅದು ಇಳಿದಾಗಲೆಲ್ಲ ಮೆದುಳು ಕೈಚಾಚುತ್ತದೆ. ಜನ ಸೇದುವುದು ನಿಕೋಟಿನ್ನಿಗಾಗಿ, ಸಾಯುವುದು ಟಾರಿನಿಂದ ಎಂಬ ಅರ್ಥದ ಮಾತನ್ನು ಬ್ರಿಟನ್ನಿನ ಮನೋವೈದ್ಯ ಮೈಕೆಲ್ ರಸೆಲ್ 1976ರಲ್ಲೇ ಹೇಳಿದ್ದರು. 1980ರಲ್ಲಿ ಲಿನ್ ಕೊಜ್ಲೊವ್‌ಸ್ಕಿ ಮತ್ತು ಸಂಗಡಿಗರು, ಸೇದುವವರು ಈ ರಂಧ್ರಗಳನ್ನು ಮುಚ್ಚುತ್ತಾರೆ ಎಂಬುದನ್ನೂ ಅದನ್ನು ಪತ್ತೆಹಚ್ಚುವ ಬಗೆಯನ್ನೂ ಪ್ರಕಟಿಸಿದರು. ಸೇದಿ ಎಸೆದ ಮೋಟೇ ಸಾಕ್ಷಿ. ರಂಧ್ರಗಳು ತೆರೆದಿದ್ದರೆ ಅಂಚಿನಿಂದ ಗಾಳಿ ನುಗ್ಗುವುದರಿಂದ ಫಿಲ್ಟರಿನ ತುದಿಯಲ್ಲಿ ನಡುವೆ ಮಾತ್ರ ಕಂದು ಬೊಟ್ಟು. ಮುಚ್ಚಿದ್ದರೆ ತುದಿಯೆಲ್ಲ ಒಂದೇ ಸಮ ಕಂದು. 1983ರಲ್ಲಿ ನೀಲ್ ಬೆನೊವಿಟ್ಜ್ ತಂಡ ಇನ್ನೂ ಒಳಗೆ, ಸೇದುವವರ ರಕ್ತದಲ್ಲೇ ಹುಡುಕಿತು. ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಕೊಟಿನೈನ್ ಆಗುತ್ತದೆ; ಅದರ ಮಟ್ಟಕ್ಕೂ ಅವರು ಸೇದುವ ಬ್ರ್ಯಾಂಡಿನ ಸರ್ಕಾರಿ ಅಂಕಿಗೂ ತಾಳಮೇಳವೇ ಇರಲಿಲ್ಲ. ಇದರಲ್ಲಿ ಅಚ್ಚರಿಯೂ ಇಲ್ಲ. ಪಟ್ಟಿಯಲ್ಲಿ ‘ನಿಕೋಟಿನ್ 1 ಮಿಲಿಗ್ರಾಂ’ ಎಂದಿರುವ ಸಿಗರೇಟಿನ ತಂಬಾಕಿನಲ್ಲಿ ನಿಜಕ್ಕೂ ಇರುವುದು 10 ಮಿಲಿಗ್ರಾಂ ಆಸುಪಾಸು. ಉಗ್ರಾಣದಲ್ಲಿ ಅಷ್ಟಿರುವಾಗ, ಬೇಕಾದಷ್ಟನ್ನು ಸೆಳೆದುಕೊಳ್ಳುವುದು ಹಸಿದ ಮೆದುಳಿಗೆ ಕಷ್ಟವಲ್ಲ. ನಿಕೋಟಿನ್ ಹುಡುಕಿಕೊಂಡು ಆಳವಾಗಿ ಎಳೆದ ಪ್ರತಿ ದಮ್ಮಿನ ಜೊತೆ ಟಾರ್ ಕೂಡ ಒಳಗೆ ಹೋಗುತ್ತದೆ.

ನಿಜವಾದ ಪ್ರಮಾಣ ಹೇಳದಿದ್ದರೂ ಎರಡು ಬ್ರ್ಯಾಂಡುಗಳನ್ನು ಹೋಲಿಸಲಿಕ್ಕಾದರೂ ಅಂಕಿ ಬೇಕಲ್ಲ, ಎಂಬ ವಾದವಿದೆ. ಕಮಿಷನ್ನಿನ ಮೂಲ ಸಮರ್ಥನೆಯೂ ಇದೇ ಆಗಿತ್ತು. ಹೋಲಿಕೆ ನಿಲ್ಲಬೇಕಾದರೆ ಎಲ್ಲ ಸಿಗರೇಟುಗಳೂ ಯಂತ್ರ ಮತ್ತು ಮನುಷ್ಯನ ನಡುವೆ ಒಂದೇ ಪ್ರಮಾಣದಲ್ಲಿ ಮೋಸ ಮಾಡಬೇಕು! ಹಾಗಾಗಲಿಲ್ಲ. 1980ರ ದಶಕದ ಆರಂಭದಲ್ಲಿ ಬ್ರೌನ್ ಆ್ಯಂಡ್ ವಿಲಿಯಮ್ಸನ್ ಕಂಪನಿ ಬಾರ್ಕ್ಲೇ ಎಂಬ ಸಿಗರೇಟನ್ನು ಕೇವಲ 1 ಮಿಲಿಗ್ರಾಂ ಟಾರ್ ಎಂದು ಮಾರಿತು. ಅದರ ಫಿಲ್ಟರಿನ ಹೊರಮೈಯಲ್ಲಿ ಉದ್ದಕ್ಕೆ ಗಾಳಿಯ ಕಾಲುವೆಗಳಿದ್ದವು. ಯಂತ್ರದ ಹಿಡಿತದಲ್ಲಿ ಅವು ತೆರೆದಿರುತ್ತಿದ್ದವು, ತುಟಿಯ ನಡುವೆ ಒತ್ತಿದರೆ ಮುಚ್ಚಿಹೋಗುತ್ತಿದ್ದವು. ದೂರು ಕೊಟ್ಟವರು ಆರೋಗ್ಯ ಹೋರಾಟಗಾರರಲ್ಲ, ಪ್ರತಿಸ್ಪರ್ಧಿ ಸಿಗರೇಟು ಕಂಪನಿಗಳು. ಪ್ರಕರಣ ಕೋರ್ಟು ಹತ್ತಿ, ಜಾಹೀರಾತು ದಾರಿತಪ್ಪಿಸುವಂಥದ್ದು ಎಂದು 1985ರಲ್ಲಿ ತೀರ್ಮಾನವಾಯಿತು. ಬಾರ್ಕ್ಲೇ ಸಿಕ್ಕಿಬಿದ್ದದ್ದು ಅತಿ ಜಾಣತನ ತೋರಿದ್ದಕ್ಕೆ. ಉಳಿದವರ ರಂಧ್ರಗಳು ಮಾಡುತ್ತಿದ್ದದ್ದೂ ಅದೇ ಕೆಲಸವನ್ನು. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿರುವಾಗ ವಿದ್ಯಾರ್ಥಿ ಪಾಠ ಓದುವುದಿಲ್ಲ, ಉತ್ತರ ಉರುಹೊಡೆಯುತ್ತಾನೆ. ಸಿಗರೇಟುಗಳೂ ಯಂತ್ರದ ಪರೀಕ್ಷೆ ಪಾಸಾಗಲೆಂದೇ ರೂಪುಗೊಂಡವು.

ಏನೇ ಆದರೂ ಟಾರ್ ಇಳಿಯಿತಲ್ಲ, ಅದರಿಂದ ಯಾರಿಗೂ ಒಳಿತಾಗಲಿಲ್ಲವೇ? ಇದು ಹೆಚ್ಚು ಗಂಭೀರ ಆಕ್ಷೇಪ. ಅಮೆರಿಕದಲ್ಲಿ ಮಾರಾಟವಾದ ಸಿಗರೇಟಿನ ಸರಾಸರಿ ಟಾರ್, ಯಂತ್ರದ ಲೆಕ್ಕದಲ್ಲಿ, 1950ರ ದಶಕದ ಮಧ್ಯದ ಸುಮಾರು 37 ಮಿಲಿಗ್ರಾಂನಿಂದ 1990ರ ದಶಕದಲ್ಲಿ 12ಕ್ಕೆ ಇಳಿದಿತ್ತು. ಮೂರನೇ ಒಂದಕ್ಕೆ ಇಳಿದ ವಿಷ ಕ್ಯಾನ್ಸರಿನಲ್ಲಿ ಕಾಣಬೇಕಿತ್ತು. 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದನ್ನೇ ನೋಡಿತು. ಫಿಲ್ಟರ್ ಇಲ್ಲದ, 22 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚಿನ ಟಾರಿನ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನಷ್ಟು ಹೆಚ್ಚು ಇದ್ದದ್ದು ನಿಜ. ಅಷ್ಟರಮಟ್ಟಿಗೆ ಆಕ್ಷೇಪವನ್ನು ಒಪ್ಪಬೇಕು. ಆದರೆ ಮಧ್ಯಮ, ಕಡಿಮೆ, ಅತಿ ಕಡಿಮೆ ಟಾರ್ ಎಂಬ ಮೂರು ಗುಂಪುಗಳ ನಡುವೆ ವ್ಯತ್ಯಾಸವೇ ಸಿಗಲಿಲ್ಲ. ಗ್ರಾಹಕರು ಹಣ ಕೊಟ್ಟು ಆಯ್ದುಕೊಳ್ಳುತ್ತಿದ್ದದ್ದು ಆ ಮೂರರ ನಡುವಿನ ವ್ಯತ್ಯಾಸವನ್ನೇ. ಸಾಲದ್ದಕ್ಕೆ, 1950ರ ದಶಕದ ನಂತರ ಸಿಗರೇಟಿನ ವಿನ್ಯಾಸದಲ್ಲಾದ ಬದಲಾವಣೆಗಳಿಂದಾಗಿ ಸೇದುವವರಲ್ಲಿ ಅಡಿನೊಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಹೆಚ್ಚಿದೆ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ತೀರ್ಮಾನಿಸಿತು. ಇದಕ್ಕಿಂತ ದೊಡ್ಡ ನಷ್ಟ ಅಳತೆಗೆ ಸಿಗದು: ಬಿಟ್ಟೇಬಿಡೋಣ ಎಂದುಕೊಂಡವರಿಗೆ ‘ಲೈಟ್’ ಒಂದು ನಿಲ್ದಾಣವಾಯಿತು, ಎಷ್ಟೋ ಜನ ಅಲ್ಲೇ ಇಳಿದುಬಿಟ್ಟರು. ಯಂತ್ರದ ಅಂಕಿಗಳನ್ನು ಜಾಹೀರಾತಿನಲ್ಲಿ ಬಳಸಲು 1966ರಲ್ಲಿ ತಾನು ಕೊಟ್ಟಿದ್ದ ಅನುಮತಿಯನ್ನು ಕಮಿಷನ್ 2008ರ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. 2009ರ ಕಾಯ್ದೆಯ ಪ್ರಕಾರ 2010ರ ಜೂನ್‌ನಿಂದ ‘ಲೈಟ್’, ‘ಮೈಲ್ಡ್’, ‘ಲೋ’ ಎಂಬ ಪದಗಳೂ ಅಮೆರಿಕದ ಪ್ಯಾಕುಗಳಿಂದ ಮರೆಯಾದವು.

ಯಂತ್ರ ಕೆಟ್ಟದ್ದಾದರೆ ಒಳ್ಳೆಯ ಯಂತ್ರ ತನ್ನಿ ಎನ್ನುವವರೂ ಇದ್ದಾರೆ. ಕೆನಡಾ ಅದನ್ನೂ ಮಾಡಿ ನೋಡಿತು: ಅರ್ಧ ನಿಮಿಷಕ್ಕೊಂದು ದಮ್ಮು, 55 ಮಿಲಿಲೀಟರ್ ಹೊಗೆ, ರಂಧ್ರಗಳೆಲ್ಲ ಬಂದ್. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆ ಈ ಕ್ರಮದಲ್ಲಿ ಅಳೆದಾಗ ಅಲ್ಲಿನ ಸಿಗರೇಟುಗಳ ಟಾರ್ ಕಂಪನಿಗಳು ಹೇಳುತ್ತಿದ್ದುದಕ್ಕಿಂತ ಕನಿಷ್ಠ ಎರಡು ಪಟ್ಟು, ಗರಿಷ್ಠ 26 ಪಟ್ಟು ಬಂತು. ಹಳೆಯ ಅಂಕಿಯ ಮಾನ ಕಳೆಯಲು ಇದು ಬೇಕಾದಷ್ಟಾಯಿತು, ಆದರೆ ಹೊಸ ಅಂಕಿಯೂ ಯಾವ ಮನುಷ್ಯನದೂ ಅಲ್ಲ. ಒಬ್ಬನೇ ವ್ಯಕ್ತಿ ಬೆಳಗಿನ ಮೊದಲ ಸಿಗರೇಟನ್ನು ಸೇದುವುದು ಒಂದು ರೀತಿ, ಹರಟೆಯ ನಡುವೆ ಸೇದುವುದು ಇನ್ನೊಂದು ರೀತಿ. ನಮ್ಮ ಬೀಡಿಯನ್ನಂತೂ ಕೇಳಲೇಬೇಡಿ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ನಿಮಿಷಕ್ಕೊಂದೇ ದಮ್ಮೆಳೆದರೆ ಬೀಡಿ ಆರಿಹೋಗುತ್ತದೆ. ಉರಿ ಉಳಿಸಿಕೊಳ್ಳಲೆಂದೇ ಮೇಲಿಂದ ಮೇಲೆ ಎಳೆಯಬೇಕು. ಅಮೆರಿಕದ ಯಂತ್ರದ ಶಿಸ್ತಿಗೆ ಬೀಡಿ ಸುತ್ತುವ ತೂಬರೆ ಎಲೆ ಬಗ್ಗುವುದಿಲ್ಲ.

ಹಾಗಾದರೆ ತಿಳಿಯುವ ಹಕ್ಕು? ಅದು ಇದ್ದೇ ಇದೆ. ತಿಳಿಯಬೇಕಾದದ್ದು ಸತ್ಯವನ್ನು, ಕರಾರುವಾಕ್ಕಾಗಿ ಕಾಣುವ ಅಸಂಬದ್ಧವನ್ನಲ್ಲ. ಬಿಸ್ಕತ್ತಿನ ಸಕ್ಕರೆ ಬಿಸ್ಕತ್ತಿನಲ್ಲೇ ಇರುತ್ತದೆ, ಹೇಗೆ ಕಚ್ಚಿದರೂ ಬದಲಾಗದು. ಟಾರ್ ಸಿಗರೇಟಿನೊಳಗೆ ಕುಳಿತಿರುವುದಿಲ್ಲ. ಹಚ್ಚಿ ಎಳೆದಾಗ, ಎಳೆದ ರೀತಿಗೆ ತಕ್ಕಂತೆ ಹುಟ್ಟುತ್ತದೆ. ಆದ್ದರಿಂದ ನಮ್ಮ ಕಾಯ್ದೆಯ ‘ಟಾರ್ ಅಂಶ’ ಎಂಬ ಮಾತೇ ಕಾಲು ಜಾರಿದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ ಮಾರ್ಗಸೂಚಿ ಕೂಡ ಪ್ಯಾಕಿನ ಮೇಲೆ ಹೊಗೆಯ ಅಂಕಿಗಳನ್ನು ಮುದ್ರಿಸಬಾರದು ಎನ್ನುತ್ತದೆ. ಐರೋಪ್ಯ ಒಕ್ಕೂಟ ತನ್ನ 2014ರ ನಿರ್ದೇಶನದ ಮೂಲಕ ಅವನ್ನು ಪ್ಯಾಕಿನಿಂದ ತೆಗೆಸಿದೆ. ನೋಯ್ಡಾ, ಮುಂಬೈ, ಗುವಾಹಟಿಗಳಲ್ಲಿ ನಮ್ಮ ಸರ್ಕಾರ ತೆರೆದಿರುವ ತಂಬಾಕು ಪರೀಕ್ಷಾ ಪ್ರಯೋಗಾಲಯಗಳು ಅಳೆಯಲಿ. ತಂಬಾಕಿನಲ್ಲೇ ಇರುವ ನಿಕೋಟಿನ್ ಎಷ್ಟು, ಫಿಲ್ಟರಿಗೆ ತೂತು ಎಷ್ಟು ಎಂಬುದನ್ನು ನಿಯಂತ್ರಕರಿಗೂ ವಿಜ್ಞಾನಿಗಳಿಗೂ ಒದಗಿಸಲಿ. ಸೇದುವವರಿಗೆ ಬೇಕಾದ ಸಂಖ್ಯೆ ಬೇರೆಯೇ ಇದೆ, ಅದು 2018ರಿಂದ ಪ್ಯಾಕಿನ ಮೇಲೆಯೇ ಅಚ್ಚಾಗಿದೆ: 1800 11 2356. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ ಅದು. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.